‘ಮಕ್ಕಳಂತೆ ಆಗಿ’ ಎಂದು ಯೇಸು ಹೇಳಿದ್ದು ಯಾಕೆ?

ಕಳೆದ ತಿಂಗಳು ಗದಗ-ಬೆಟಗೇರಿಯಲ್ಲಿ ಒಂದು ಕೂಸಿನ ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಗೆ, ಹೋಗಿದ್ದೆ. ಜೊತೆಗೆ ನನ್ನ ಗೆಳತಿಯೂ ಬಂದಿದ್ದಳು. ಅವಳು ಕ್ರೈಸ್ತಳಲ್ಲ. ಚರ್ಚಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಸಭಾಪಾಲಕರು ಬೈಬಲಿನಿಂದ ಒಂದು ಮಾತು ಓದಿದರು: ‘ನೀವು ತಿರುಗಿಕೊಂಡು ಚಿಕ್ಕ ಮಕ್ಕಳಂತೆ ಆಗದೆ ಹೋದರೆ ಪರಲೋಕರಾಜ್ಯದಲ್ಲಿ ಸೇರುವುದೇ ಇಲ್ಲ.’ ಅಲ್ಲಿ ಅವಳು ಏನೂ ಕೇಳಲಿಲ್ಲ. ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ, ಅಣ್ಣಿಗೇರಿ ಹತ್ತಿರ ಬಂದಾಗ, ಕೇಳಿಯೇಬಿಟ್ಟಳು.

‘ಮಕ್ಕಳಾಂಗ ಆಗಬೇಕು ಅಂದ್ರ ಏನೂ ಕೇಳದ ಗೋಣು ಹಾಕಬೇಕು ಅಂತನ? ಹಂಗಿದ್ರ ಓದಿದವ್ರ ಗತಿ ಏನ?’

ಪ್ರಶ್ನೆ ಸರಿಯಾಗಿಯೇ ಇತ್ತು. ಈ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿದರು. ಅಂದಿನಿಂದ ಇಲ್ಲಿನ ಚರ್ಚುಗಳಲ್ಲಿ, ಶಾಲೆಗಳಲ್ಲಿ ಇದನ್ನು ಓದುತ್ತಲೇ ಇದ್ದಾರೆ. ಆದರೂ ಕೇಳಿದವರಲ್ಲಿ ಜಾಸ್ತಿ ಜನ ಇದನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದಾರೆ. ನಾನು ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಬಹಳ ವರ್ಷ ನಾನೂ ಅರ್ಧವನ್ನೇ ಹೇಳಿದ್ದೇನೆ. ಆ ದಿನ ಬಸ್ಸಿನಲ್ಲಿ ಅವಳಿಗೆ ಹೇಳಿದ್ದನ್ನು ಸ್ವಲ್ಪ ನಿಧಾನವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದೇನು?

ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿವೆ: ಮತ್ತಾಯ, ಮಾರ್ಕ, ಲೂಕ, ಯೋಹಾನ. ಇವುಗಳಿಗೆ ಸುವಾರ್ತೆ ಅನ್ನುತ್ತಾರೆ, ಅಂದರೆ ಒಳ್ಳೆಯ ಸುದ್ದಿ. ಮಗುವನ್ನು ನಡುವೆ ನಿಲ್ಲಿಸಿದ ಪ್ರಸಂಗ ಮೊದಲ ಮೂರರಲ್ಲೂ ಇದೆ.

ಮಾರ್ಕನು ಹೇಳುವ ರೀತಿ ಹೀಗೆ. ಯೇಸು ಮತ್ತು ಶಿಷ್ಯರು ಗಲಿಲಾಯ ಸೀಮೆಯಲ್ಲಿ ನಡೆದು ಹೋಗುತ್ತಿದ್ದಾರೆ. ತನ್ನನ್ನು ಕೊಲ್ಲುತ್ತಾರೆ ಎಂದು ಯೇಸು ಆಗಷ್ಟೇ ಹೇಳಿದ್ದಾನೆ. ಶಿಷ್ಯರಿಗೆ ಅದು ತಲೆಗೆ ಹೋಗಿಲ್ಲ. ಅವರು ದಾರಿಯುದ್ದಕ್ಕೂ ಬೇರೆಯೇ ವಿಷಯಕ್ಕೆ ಜಗಳ ಆಡಿದ್ದಾರೆ: ನಮ್ಮಲ್ಲಿ ಯಾರು ದೊಡ್ಡವರು? ಕಪೆರ್ನೌಮಿನ ಮನೆ ಸೇರಿದ ಮೇಲೆ ಯೇಸು ಕೇಳುತ್ತಾನೆ, ದಾರಿಯಲ್ಲಿ ಏನು ಮಾತಾಡುತ್ತಿದ್ದಿರಿ? ಎಲ್ಲರೂ ಸುಮ್ಮನಾಗುತ್ತಾರೆ. ಆಗ ಅವನು ಒಂದು ಚಿಕ್ಕ ಮಗುವನ್ನು ಕರೆದು ನಡುವೆ ನಿಲ್ಲಿಸುತ್ತಾನೆ, ಆಮೇಲೆ ಅಪ್ಪಿಕೊಳ್ಳುತ್ತಾನೆ. ಬೆಟಗೇರಿಯಲ್ಲಿ ಓದಿದ ಮಾತು ಮತ್ತಾಯನ ಪುಸ್ತಕದಲ್ಲಿ ಬರುವುದು ಇದೇ ಗಳಿಗೆಯಲ್ಲಿ.

ಇನ್ನೊಂದು ಪ್ರಸಂಗವೂ ಇದೆ. ಜನ ತಮ್ಮ ಮಕ್ಕಳನ್ನು ಯೇಸುವಿನ ಹತ್ತಿರ ತರುತ್ತಾರೆ. ಅವು ಎತ್ತಿಕೊಂಡು ಬಂದ ಕೂಸುಗಳು ಎನ್ನುತ್ತಾನೆ ಲೂಕ. ಶಿಷ್ಯರು ಗದರಿಸಿ ಕಳಿಸಲು ನೋಡುತ್ತಾರೆ. ಯೇಸುವಿಗೆ ಸಿಟ್ಟು ಬರುತ್ತದೆ. ಮಕ್ಕಳನ್ನು ಬಿಡಿ, ಅಡ್ಡಿ ಮಾಡಬೇಡಿ, ದೇವರ ರಾಜ್ಯ ಇಂಥವರದೇ ಅನ್ನುತ್ತಾನೆ.

ಒಂದು ಪದ ಬಿಡಿಸಿ ಹೇಳಬೇಕು. ಮತ್ತಾಯನು ಪರಲೋಕರಾಜ್ಯ ಅನ್ನುವುದನ್ನೇ ಮಾರ್ಕ ಮತ್ತು ಲೂಕ ದೇವರ ರಾಜ್ಯ ಅನ್ನುತ್ತಾರೆ. ಕಥೋಲಿಕರ ಕನ್ನಡ ಬೈಬಲಿನಲ್ಲಿ ಅದು ಸ್ವರ್ಗಸಾಮ್ರಾಜ್ಯ. ನಕ್ಷೆಯಲ್ಲಿ ತೋರಿಸಬಹುದಾದ ಊರಲ್ಲ. ಸತ್ತ ಮೇಲೆ ಹೋಗುವ ಜಾಗ ಎಂದಷ್ಟೇ ಅರ್ಥವೂ ಅಲ್ಲ. ದೇವರ ಮಾತು ನಡೆಯುವ ಬದುಕು ಎಲ್ಲಿದೆಯೋ ಅದು ದೇವರ ರಾಜ್ಯ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಗು ಅಂದ ಕೂಡಲೇ ನಮಗೆ ನೆನಪಾಗುವುದು ಕ್ಯಾಲೆಂಡರಿನ ಚಿತ್ರ. ದುಂಡು ಕೆನ್ನೆ, ನಗು, ಮುಗ್ಧತೆ. ಹಾಗಾಗಿ ‘ಮುಗ್ಧರಾಗಿ’ ಎಂದು ಯೇಸು ಹೇಳಿದ ಅಂದುಕೊಳ್ಳುತ್ತೇವೆ. ಆದರೆ ಈ ಪ್ರಸಂಗದಲ್ಲಿ ಮುಗ್ಧತೆ ಅನ್ನುವ ಪದವೇ ಇಲ್ಲ. ಮಕ್ಕಳನ್ನು ಸಾಕಿದವರಿಗೆ ಗೊತ್ತು, ಎರಡು ವರ್ಷದ ಇಬ್ಬರ ನಡುವೆ ಒಂದೇ ಆಟಿಕೆ ಇಟ್ಟರೆ ಏನಾಗುತ್ತದೆ ಎಂದು. ಕ್ರಿಸ್ತಶಕ 400ರ ಆಸುಪಾಸಿನಲ್ಲಿ ಬರೆದ ಅಗಸ್ಟೀನ್ ಎಂಬ ಕ್ರೈಸ್ತ ಪಂಡಿತನೂ ಇದನ್ನು ಗಮನಿಸಿದ್ದ. ಇನ್ನೂ ಮಾತು ಬಾರದ ಕೂಸೊಂದು, ತನ್ನ ಜೊತೆ ಹಾಲು ಕುಡಿಯುವ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ದುರುಗುಟ್ಟಿ ನೋಡಿದ್ದನ್ನು ಆತ ತನ್ನ ಜೀವನಕತೆಯಲ್ಲಿ ಬರೆದಿದ್ದಾನೆ. ಮಕ್ಕಳು ಸ್ವಭಾವದಿಂದಲೇ ಒಳ್ಳೆಯವರು, ಅವರನ್ನು ನೋಡಿ ಕಲಿಯಿರಿ ಎಂಬುದು ಕ್ರೈಸ್ತ ಬೋಧನೆಯ ತಿರುಳಲ್ಲ.

ಹಾಗಾದರೆ ಮಗುವನ್ನೇ ಯಾಕೆ ಕರೆದ? ಇದು ತಿಳಿಯಬೇಕಾದರೆ ಆ ಕಾಲದಲ್ಲಿ ಮಗುವಿಗೆ ಎಷ್ಟು ಬೆಲೆ ಇತ್ತು ಎಂದು ನೋಡಬೇಕು.

ಆಗ ಆ ಸೀಮೆಯೆಲ್ಲ ರೋಮ್ ಸಾಮ್ರಾಜ್ಯದ ಹಿಡಿತದಲ್ಲಿತ್ತು. ರೋಮನ್ನರ ಕಾನೂನಿನಲ್ಲಿ ಮಕ್ಕಳ ಮೇಲೆ ತಂದೆಗೆ ಪೂರ್ತಿ ಅಧಿಕಾರ. ಹುಟ್ಟಿದ ಕೂಸನ್ನು ಸಾಕಬೇಕೋ ಬಿಸಾಡಬೇಕೋ ಎಂದು ಅವನೇ ತೀರ್ಮಾನಿಸುತ್ತಿದ್ದ. ಈಜಿಪ್ಟಿನಲ್ಲಿ ಒಂದು ಪತ್ರ ಸಿಕ್ಕಿದೆ. ಕ್ರಿಸ್ತಪೂರ್ವ 1ರಲ್ಲಿ ಹಿಲಾರಿಯೋನ್ ಎಂಬ ಕೂಲಿಗಾರ ಅಲೆಕ್ಸಾಂಡ್ರಿಯದಿಂದ ತನ್ನವಳಿಗೆ ಬರೆದದ್ದು. ಮಗುವನ್ನು ಚೆನ್ನಾಗಿ ನೋಡಿಕೋ, ಕೂಲಿ ಬಂದ ಕೂಡಲೇ ಕಳಿಸುತ್ತೇನೆ ಎಂದು ಅಕ್ಕರೆಯಿಂದ ಬರೆಯುತ್ತಾನೆ. ಮುಂದೆ ಅದೇ ಪತ್ರದಲ್ಲಿ, ನಿನಗೆ ಹೆರಿಗೆಯಾದಾಗ ಗಂಡಾದರೆ ಇರಲಿ, ಹೆಣ್ಣಾದರೆ ಬಿಸಾಡು ಅನ್ನುತ್ತಾನೆ. ಈ ಮನುಷ್ಯ ಕಟುಕನೇನಲ್ಲ. ಎಲ್ಲರೂ ಮಾಡುತ್ತಿದ್ದದ್ದನ್ನು ಬರೆದಿದ್ದಾನೆ, ಅಷ್ಟೇ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೇ.

ಯೇಸು ಹುಟ್ಟಿದ ಯೆಹೂದ್ಯರಲ್ಲಿ ಹೀಗೆ ಬಿಸಾಡುವ ರೂಢಿ ಇರಲಿಲ್ಲ. ಮಕ್ಕಳು ದೇವರು ಕೊಟ್ಟ ಸೊತ್ತು ಎಂದು ಅವರ ಕೀರ್ತನೆಗಳು ಹಾಡುತ್ತವೆ. ಆದರೂ ಮಗುವಿಗೆ ಆಸ್ತಿ ಇಲ್ಲ, ಪಂಚಾಯಿತಿಯಲ್ಲಿ ಮಾತಿಲ್ಲ, ಸಾಕ್ಷಿ ಹೇಳುವ ಹಕ್ಕಿಲ್ಲ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಸುವಾರ್ತೆಯ ಗ್ರೀಕ್ ಮೂಲದಲ್ಲಿ ಮಗುವಿಗೆ ‘ಪೈದಿಯೋನ್’ ಎಂಬ ಪದ ಇದೆ. ಹಿಲಾರಿಯೋನನ ಪತ್ರದಲ್ಲೂ ಇರುವುದು ಅದೇ ಪದ. ಅದು ನಪುಂಸಕಲಿಂಗ. ನಮ್ಮ ಭಾಷೆಯಲ್ಲೂ ಹಾಗೇ ಅಲ್ವಾ? ಮಗು ಬಂದನು, ಬಂದಳು ಅನ್ನುವುದಿಲ್ಲ, ‘ಮಗು ಬಂತು’ ಅನ್ನುತ್ತೇವೆ. ಅವನು ಅವಳು ಎಂಬ ಲೆಕ್ಕಕ್ಕೂ ಇನ್ನೂ ಸೇರದ ಜೀವ.

ಇದನ್ನು ಹೇಳುವಾಗ ನಮ್ಮ ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು. ನಾಲ್ಕು ವರ್ಷ ಇರಬಹುದು. ಕಂಡಕ್ಟರ್ ಬಂದ, ಎಲ್ಲರಿಗೂ ಟಿಕೆಟ್ ಹರಿದ, ಮಗುವನ್ನು ಬಿಟ್ಟು ಮುಂದೆ ಹೋದ. ಆರು ವರ್ಷದೊಳಗಿನ ಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನೋಡು, ಅಂದೆ ಗೆಳತಿಗೆ. ಅದರ ಹತ್ತಿರ ದುಡ್ಡಿಲ್ಲ, ಟಿಕೆಟ್ಟಿಲ್ಲ, ಸೀಟೂ ಇಲ್ಲ. ಆದರೂ ನಮ್ಮ ಜೊತೆಗೇ ಹುಬ್ಬಳ್ಳಿ ಮುಟ್ಟುತ್ತದೆ. ಹೇಗೆ? ಯಾರದೋ ತೊಡೆಯ ಮೇಲಿದೆ, ಅದಕ್ಕೆ.

ಇದನ್ನೇ ಕ್ರೈಸ್ತರು ಕೃಪೆ ಅನ್ನುತ್ತಾರೆ. ಗಳಿಸದೆ, ಬೆಲೆ ತೆರದೆ, ಕೊಡುವವನ ಪ್ರೀತಿಯಿಂದ ಮಾತ್ರ ಸಿಗುವಂಥದ್ದು. ಶಿಷ್ಯರು ‘ಯಾರು ದೊಡ್ಡವರು’ ಎಂದು ಕೇಳಿದಾಗ ತಮ್ಮ ತಮ್ಮ ಟಿಕೆಟ್ ತೋರಿಸುತ್ತಿದ್ದರು. ಯೇಸು ಟಿಕೆಟ್ಟೇ ಇಲ್ಲದ ಒಬ್ಬರನ್ನು ತಂದು ನಡುವೆ ನಿಲ್ಲಿಸಿದ.

ನಂಬುವುದು, ನೆಚ್ಚುವುದು

ಗೆಳತಿಯ ಪ್ರಶ್ನೆ ಇದ್ದದ್ದು ಇಲ್ಲಿ. ಮಗುವಿನಂತೆ ನಂಬುವುದು ಅಂದರೆ ಕೇಳದೆ ಒಪ್ಪುವುದಾ?

ಹೈಸ್ಕೂಲಿನಲ್ಲಿದ್ದಾಗ ನಾನು ಒಬ್ಬ ಹಿರಿಯರನ್ನು ಕೇಳಿದ್ದೆ, ದೇವರು ಒಳ್ಳೆಯವನಾದರೆ ನನ್ನ ತಮ್ಮ ಯಾಕೆ ಸತ್ತ ಎಂದು. ‘ಮಕ್ಕಳ ಹಾಗೆ ನಂಬಬೇಕು, ಪ್ರಶ್ನೆ ಕೇಳಬಾರದು’ ಎಂದು ಬಾಯಿ ಮುಚ್ಚಿಸಿದರು. ಆ ನೋವು ಬಹಳ ದಿನ ಉಳಿಯಿತು. ಆಮೇಲೆ ನಾನೇ ಓದುತ್ತಾ ಹೋದಾಗ ತಿಳಿಯಿತು, ಆ ಮಾತನ್ನು ಬೈಬಲ್ ಎಲ್ಲೂ ಹೇಳುವುದಿಲ್ಲ.

ಯೇಸುವಿನ ಬಾಲ್ಯದ ಬಗ್ಗೆ ಸುವಾರ್ತೆಗಳಲ್ಲಿ ಹೆಚ್ಚೇನೂ ಇಲ್ಲ. ಕೂಸಾಗಿದ್ದಾಗಿನ ಸಂಗತಿಗಳನ್ನು ಬಿಟ್ಟರೆ ಒಂದೇ ಒಂದು ಪ್ರಸಂಗ, ಲೂಕನಲ್ಲಿ. ಹನ್ನೆರಡು ವರ್ಷದ ಹುಡುಗ ಯೆರೂಸಲೇಮಿನ ದೇವಾಲಯದಲ್ಲಿ ಗುರುಗಳ ನಡುವೆ ಕೂತಿದ್ದಾನೆ. ಏನು ಮಾಡುತ್ತಿದ್ದಾನೆ? ಅವರ ಮಾತು ಕೇಳುತ್ತಿದ್ದಾನೆ, ಅವರನ್ನು ಪ್ರಶ್ನೆ ಕೇಳುತ್ತಿದ್ದಾನೆ. ಇನ್ನು ನಮ್ಮ ಮುಂದಿನ ಸೀಟಿನ ಮಗುವನ್ನೇ ನೋಡಿ. ಗದಗಿನಿಂದ ಬಾಯಿ ಮುಚ್ಚಿರಲಿಲ್ಲ. ಅದ್ಯಾಕ ಹಂಗೈತಿ, ಇದೇನ, ಅವ್ರೆಲ್ಲಿ ಹೊಂಟಾರ. ಮಕ್ಕಳಷ್ಟು ಪ್ರಶ್ನೆ ಕೇಳುವವರು ಯಾರಿದ್ದಾರೆ? ಆದರೆ ಅದು ತಾಯಿಯ ತೊಡೆ ಬಿಟ್ಟು ಇಳಿದು ಕೇಳುತ್ತಿರಲಿಲ್ಲ. ಅಲ್ಲೇ ಕೂತು ಕೇಳುತ್ತಿತ್ತು. ಉತ್ತರ ಸಿಗದಿದ್ದರೂ ಅಲ್ಲೇ ಇತ್ತು.

ನಂಬು ಅನ್ನುವ ಕನ್ನಡ ಪದಕ್ಕೆ ಎರಡು ಮುಖ ಇದೆ. ‘ಅವನು ಹೇಳಿದ್ದು ನಿಜ ಎಂದು ನಂಬುತ್ತೇನೆ’ ಅನ್ನುವುದು ಒಂದು. ‘ಅವನನ್ನು ನಂಬಿ ಮನೆ ಬೀಗದ ಕೈ ಕೊಟ್ಟಿದ್ದೇನೆ’ ಅನ್ನುವುದು ಇನ್ನೊಂದು. ಸುವಾರ್ತೆಯ ಗ್ರೀಕ್ ಪದ ‘ಪಿಸ್ತಿಸ್’ನಲ್ಲಿ ಎರಡೂ ಇವೆ. ಆದರೆ ಮಗುವಿನ ಮಾತು ಬಂದಾಗ ಎರಡನೆಯದೇ ಮುಖ್ಯ. ನಮ್ಮಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಪದ ಇದೆ, ನೆಚ್ಚು. ಗದಗಿನ ಎರೆ ಹೊಲದ ರೈತ ಮಳೆ ನೆಚ್ಚಿ ಹೆಸರು ಬಿತ್ತುತ್ತಾನೆ. ಮೋಡದ ವಿಜ್ಞಾನ ಅವನಿಗೆ ಪೂರ್ತಿ ಗೊತ್ತಿರಬೇಕಾಗಿಲ್ಲ. ಹಾಗಂತ ಅವನು ದಡ್ಡನಲ್ಲ. ಆಕಾಶ ನೋಡುತ್ತಾನೆ, ಹದ ನೋಡುತ್ತಾನೆ, ಅನುಮಾನವೂ ಪಡುತ್ತಾನೆ. ಆದರೂ ಬೀಜ ಮಣ್ಣಿಗೆ ಹಾಕುತ್ತಾನೆ.

ಅನುಮಾನ ಇದ್ದರೆ ನಂಬಿಕೆ ಇಲ್ಲ ಎಂದೂ ಅಲ್ಲ. ಯಾರು ದೊಡ್ಡವರು ಎಂಬ ಜಗಳಕ್ಕೆ ಸ್ವಲ್ಪ ಮೊದಲು, ಮಾರ್ಕನ ಅದೇ ಅಧ್ಯಾಯದಲ್ಲಿ, ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಕೂಗಿ ಹೇಳುತ್ತಾನೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಯೇಸು ಅವನನ್ನು ತಳ್ಳಲಿಲ್ಲ. ಮಗ ಗುಣವಾದ. ನನ್ನ ಮಟ್ಟಿಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಪ್ರಾಮಾಣಿಕ ಪ್ರಾರ್ಥನೆ ಇನ್ನೊಂದಿಲ್ಲ.

ಮಗುತನ ಬೇರೆ, ಹುಡುಗಾಟಿಕೆ ಬೇರೆ. ಇದನ್ನು ಯೇಸುವಿನ ಸುದ್ದಿಯನ್ನು ಊರೂರಿಗೆ ಸಾರಿದ ಪೌಲನು, ಕೊರಿಂಥ ಊರಿನ ಕ್ರೈಸ್ತ ಸಭೆಗೆ ಬರೆದ ಮೊದಲ ಪತ್ರದಲ್ಲಿ ನೇರವಾಗಿಯೇ ಹೇಳುತ್ತಾನೆ. ಬುದ್ಧಿಯಲ್ಲಿ ಮಕ್ಕಳಾಗಬೇಡಿ, ಕೆಟ್ಟತನದಲ್ಲಿ ಮಾತ್ರ ಕೂಸುಗಳಂತಿರಿ, ಬುದ್ಧಿಯಲ್ಲಿ ದೊಡ್ಡವರಾಗಿರಿ. ಓದಿದವರ ಗತಿ ಏನು ಎಂದು ಕೇಳಿದ್ದಳಲ್ಲ, ಅವಳಿಗೆ ಉತ್ತರ ಇದೇ. ಓದು ಅಡ್ಡಿಯಲ್ಲ. ಓದಿದ್ದನ್ನು ಟಿಕೆಟ್ ಮಾಡಿಕೊಂಡು ತೋರಿಸುವುದು ಅಡ್ಡಿ.

ಇನ್ನೊಂದು ಪದ ಹೇಳಲೇಬೇಕು. ಯೇಸು ಆಡುತ್ತಿದ್ದ ಭಾಷೆ ಅರಾಮಿಕ್. ಪ್ರಾರ್ಥನೆಯಲ್ಲಿ ಅವನು ದೇವರನ್ನು ‘ಅಬ್ಬಾ’ ಎಂದು ಕರೆದದ್ದನ್ನು ಮಾರ್ಕ ಹಾಗೇ ಉಳಿಸಿಕೊಂಡಿದ್ದಾನೆ. ಮಕ್ಕಳೂ ದೊಡ್ಡವರೂ ತಂದೆಯನ್ನು ಕರೆಯುತ್ತಿದ್ದ ಮನೆಮಾತು ಅದು. ನಮ್ಮ ಅಪ್ಪನಿಗೆ ಎಷ್ಟು ಹತ್ತಿರ ಇದೆ ನೋಡಿ. ಕನ್ನಡ ಬೈಬಲಿನಲ್ಲಿ ‘ಅಪ್ಪಾ, ತಂದೆಯೇ’ ಎಂದು ಓದುವಾಗ ಆ ದೂರದ ಭಾಷೆ ದೂರದ್ದು ಅನ್ನಿಸುವುದೇ ಇಲ್ಲ.

ತಗ್ಗು

ಮಗುವನ್ನು ನಿಲ್ಲಿಸಿ ಯೇಸು ಇನ್ನೊಂದು ಮಾತನ್ನೂ ಹೇಳುತ್ತಾನೆ. ಈ ಮಗುವಿನಂತೆ ತನ್ನನ್ನು ತಗ್ಗಿಸಿಕೊಳ್ಳುವವನೇ ಪರಲೋಕರಾಜ್ಯದಲ್ಲಿ ದೊಡ್ಡವನು. ತಗ್ಗು ಅಂದರೆ ನಮಗೆ ಗೊತ್ತು, ಕೆಳಗಿರುವ ನೆಲ. ಗ್ರೀಕ್ ಪದಕ್ಕೂ ಅದೇ ಅರ್ಥ. ದೀನತೆಗೆ ಲ್ಯಾಟಿನ್ನಿನಲ್ಲಿ ಇರುವ ಪದವೂ ಮಣ್ಣು ಅನ್ನುವ ಪದದ ಬಳಗದ್ದು. ಗ್ರೀಕರಲ್ಲಿ ‘ತಗ್ಗಿದವನು’ ಅನ್ನುವುದು ಹೆಚ್ಚಾಗಿ ಬೈಗುಳವೇ ಆಗಿತ್ತು. ಅದನ್ನು ಗುಣ ಎಂದು ಎತ್ತಿ ಹಿಡಿದದ್ದು ಕ್ರೈಸ್ತರ ಸಣ್ಣ ಕೆಲಸವೇನಲ್ಲ.

ನಮ್ಮ ಕಡೆಯ ಲಗ್ನಪತ್ರಿಕೆ ನೆನಪಿಸಿಕೊಳ್ಳಿ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಎಷ್ಟು ಲೆಕ್ಕಾಚಾರ! ಒಂದು ಹೆಸರು ಬಿಟ್ಟುಹೋದರೆ ಹತ್ತು ವರ್ಷ ಮಾತಿಲ್ಲ. ಆದರೆ ಪತ್ರಿಕೆಯ ತೀರಾ ಕೆಳಗೆ ಒಂದು ಸಾಲು ಇರುತ್ತದೆ: ‘ನಮ್ಮ ಕಾಕಾನ ಮದುವೆಗೆ ತಪ್ಪದೇ ಬನ್ನಿ.’ ಅದರ ಜೊತೆ ಪುಟ್ಟ ಮಕ್ಕಳ ಹೆಸರು. ನನ್ನ ಹೆಸರು ಕೊನೆಗೆ ಹಾಕಿದಿರಿ ಎಂದು ಆ ಮಕ್ಕಳು ಮುನಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ. ಮದುವೆಯ ಸಂಭ್ರಮ ಅವರಿಗೇ ಜಾಸ್ತಿ. ಮದುವೆಯ ಊಟದಲ್ಲಿ ಮೊದಲ ಸಾಲಿಗೆ ನುಗ್ಗಬೇಡ, ಕೊನೆಯ ಜಾಗದಲ್ಲಿ ಕೂಡು ಎಂದು ಯೇಸು ಹೇಳಿದ್ದೂ ಲೂಕನಲ್ಲಿದೆ.

ಒಂದು ವ್ಯತ್ಯಾಸ ಗಮನಿಸಬೇಕು. ಮಗು ತಗ್ಗಿರುವುದು ಅದರ ಸದ್ಗುಣದಿಂದಲ್ಲ, ಅದು ಇರುವುದೇ ಹಾಗೆ. ದೊಡ್ಡವರು ಮಾತ್ರ ಮನಸ್ಸು ಮಾಡಿ ಇಳಿಯಬೇಕು. ಯೇಸುವೇ ಹಾಗೆ ಇಳಿದು ಬಂದವನು ಎಂದು ಪೌಲನು ಫಿಲಿಪ್ಪಿಯ ಸಭೆಗೆ ಬರೆಯುತ್ತಾನೆ. ದೇವರ ಸರಿಸಮಾನನಾಗಿದ್ದರೂ ಅದನ್ನು ಹಿಡಿದುಕೊಳ್ಳದೆ, ಬರಿದು ಮಾಡಿಕೊಂಡು, ದಾಸನ ರೂಪ ತೊಟ್ಟ. ಕ್ರಿಸ್ಮಸ್ ಹೊತ್ತಿಗೆ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟಿ ಹುಲ್ಲಿನ ಮೇಲೆ ಕೂಸನ್ನು ಮಲಗಿಸುತ್ತಾರಲ್ಲ, ಅದರ ಅರ್ಥ ಇದು. ‘ಮಕ್ಕಳಂತೆ ಆಗಿ’ ಎಂದವನು ಮೊದಲು ತಾನೇ ಮಗುವಾಗಿ ಬಂದ.

ಸಾಯುವ ಹಿಂದಿನ ರಾತ್ರಿ ಅವನು ಶಿಷ್ಯರ ಕಾಲು ತೊಳೆದ. ಅದು ಆಳಿನ ಕೆಲಸ. ಪೇತ್ರನು, ನೀನು ನನ್ನ ಕಾಲು ತೊಳೆಯುವುದಾ, ಎಂದಿಗೂ ಬೇಡ ಅಂದ. ನಾವು ಇದನ್ನು ವಿನಯ ಎಂದುಕೊಳ್ಳುತ್ತೇವೆ. ಯೇಸು ಒಪ್ಪಲಿಲ್ಲ. ಇನ್ನೊಬ್ಬರಿಗೆ ಸೇವೆ ಮಾಡುವುದಕ್ಕಿಂತ ಇನ್ನೊಬ್ಬರಿಂದ ಸೇವೆ ಪಡೆಯುವುದು ಕೆಲವರಿಗೆ ಕಷ್ಟ. ಕಾಯಿಲೆ ಬಿದ್ದು ಮಗಳ ಕೈಯಿಂದ ಊಟ ಮಾಡಿಸಿಕೊಂಡ ಯಾವ ತಂದೆಯನ್ನಾದರೂ ಕೇಳಿ ನೋಡಿ. ಕೈ ಚಾಚಿ ಪಡೆಯುವುದೂ ತಗ್ಗುವುದೇ.

ಹಾವೇರಿಯ ನೆಲದಲ್ಲಿ ಕನಕದಾಸರ ಕತೆ ಎಲ್ಲರಿಗೂ ಗೊತ್ತು. ಮೋಕ್ಷಕ್ಕೆ ಯಾರು ಹೋಗಬಹುದು ಎಂದು ಗುರುಗಳು ಕೇಳಿದಾಗ, ‘ನಾನು ಹೋದರೆ ಹೋದೇನು’ ಎಂದರಂತೆ. ಅವರ ದಾರಿ ಬೇರೆ, ಸುವಾರ್ತೆಯ ದಾರಿ ಬೇರೆ, ಎರಡನ್ನೂ ಒಂದೇ ಅನ್ನಲು ನಾನು ಹೋಗುವುದಿಲ್ಲ. ಆದರೆ ಆ ‘ನಾನು’ವಿನ ಭಾರ ಗೊತ್ತಿರುವ ಊರಿನವರಿಗೆ ಮತ್ತಾಯನ ಈ ಮಾತು ಬೇಗ ತಿಳಿಯುತ್ತದೆ.

ದೀನತೆ ಎಂದರೆ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ. ಹೆದರಿ ಸುಮ್ನೆ ಇರುವುದೂ ಅಲ್ಲ. ನಾನು ಸಾತ್ವಿಕನು, ದೀನ ಮನಸ್ಸಿನವನು ಎಂದ ಯೇಸುವೇ ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದ. ಮೊದಲೇ ತುಳಿತಕ್ಕೆ ಸಿಕ್ಕವರಿಗೆ, ಹೆಣ್ಣುಮಕ್ಕಳಿಗೆ, ಆಳುಗಳಿಗೆ, ‘ಇನ್ನೂ ತಗ್ಗಿರಿ’ ಎಂದು ಈ ಮಾತು ಹೇಳಿದವರಿದ್ದಾರೆ. ಪ್ರಸಂಗವನ್ನು ಮತ್ತೆ ಓದಿ. ತಗ್ಗು ಎಂದು ಯೇಸು ಹೇಳಿದ್ದು ದೊಡ್ಡಸ್ತಿಕೆಗೆ ಜಗಳ ಆಡುತ್ತಿದ್ದವರಿಗೆ. ಮಗುವಿಗಲ್ಲ. ಮಗುವನ್ನು ಅವನು ನಡುವೆ ಕರೆದ.

‘ತಿರುಗಿಕೊಂಡು’ ಎಂಬ ಸಣ್ಣ ಪದ

ಓದುವಾಗ ಇದು ಜಾರಿಹೋಗುತ್ತದೆ. ಧಾರವಾಡಕ್ಕೆ ಹೋಗಬೇಕಾದವನು ಹುಬ್ಬಳ್ಳಿಯಲ್ಲಿ ಹಾವೇರಿ ಬಸ್ ಹತ್ತಿದರೆ, ಬಸ್ ಎಷ್ಟು ಜೋರಾಗಿ ಓಡಿದರೂ ಅವನ ಊರು ದೂರವೇ ಆಗುತ್ತದೆ. ಇಳಿದು ತಿರುಗಬೇಕು. ಶಿಷ್ಯರು ದೇವರ ರಾಜ್ಯದೊಳಗೆ ತಮ್ಮ ಸ್ಥಾನ ಎಷ್ಟನೆಯದು ಎಂದು ಕೇಳಿದ್ದರು. ಯೇಸು ಒಳಗೆ ಬರುವ ಮಾತನ್ನೇ ಎತ್ತಿದ.

ಸಭೆಗಳಲ್ಲಿ ಇದನ್ನು ಹೇಗೆ ಓದುತ್ತಾರೆ?

ಕಥೋಲಿಕರೂ ದಕ್ಷಿಣ ಭಾರತ ಸಭೆಯವರೂ ಕೂಸುಗಳಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಏನೂ ಅರಿಯದ ಕೂಸು ಕೃಪೆಯನ್ನು ಪಡೆಯಬಲ್ಲದು ಎಂಬುದು ಅವರ ತಿಳಿವು. ಬ್ಯಾಪ್ಟಿಸ್ಟರು, ಪೆಂತೆಕೋಸ್ತ ಸಭೆಯವರು ನಂಬಿಕೆಯನ್ನು ಸ್ವತಃ ಹೇಳಬಲ್ಲ ವಯಸ್ಸು ಬರುವವರೆಗೆ ಕಾಯುತ್ತಾರೆ. ಅಲ್ಲಿ ಕೂಸನ್ನು ಎತ್ತಿಕೊಂಡು ಆಶೀರ್ವದಿಸುವುದುಂಟು. ಯೇಸು ಮಕ್ಕಳಿಗೆ ಮಾಡಿದ್ದೂ ಅದನ್ನೇ ಎಂದು ಅವರು ತೋರಿಸುತ್ತಾರೆ.

ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ದೊಡ್ಡ ಪಂಡಿತನಾಗಿದ್ದೂ, ಮಕ್ಕಳಿಗೆ ಕಲಿಸುವ ಧರ್ಮಪಾಠದ ಮುಂದೆ ನಾನು ಮಗುವಾಗಿ, ವಿದ್ಯಾರ್ಥಿಯಾಗಿಯೇ ಉಳಿಯಬೇಕು ಎಂದು ಬರೆದ. ಫ್ರಾನ್ಸಿನ ಲಿಸ್ಯೂ ಊರಿನ ಮಠದಲ್ಲಿದ್ದ ಸಂತ ತೆರೇಸಾ 1897ರಲ್ಲಿ, ಬರೀ 24ರ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡಳು. ದೊಡ್ಡ ಸಾಧನೆ ಮಾಡಲು ನನ್ನಿಂದಾಗದು, ಸಣ್ಣ ಸಣ್ಣ ಕೆಲಸವನ್ನೇ ಪ್ರೀತಿಯಿಂದ ಮಾಡುತ್ತೇನೆ, ಮಿಕ್ಕಿದ್ದಕ್ಕೆ ದೇವರು ಎತ್ತಿಕೊಳ್ಳಲಿ ಎಂಬುದು ಅವಳ ‘ಚಿಕ್ಕ ದಾರಿ’. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವಳನ್ನು ಇಡೀ ಸಭೆಗೆ ಪಾಠ ಹೇಳುವ ಪಂಡಿತರ ಸಾಲಿಗೆ ಸೇರಿಸಿದರು.

ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ

ಬೆಟಗೇರಿಯಲ್ಲಿ ಓದಿದ ಮಾತು ಇರುವುದು ಮತ್ತಾಯನ ಹದಿನೆಂಟನೇ ಅಧ್ಯಾಯದಲ್ಲಿ. ಚರ್ಚಿನಲ್ಲಿ ಬಹಳ ಸಲ ಓದು ಅದರ ಐದನೇ ವಾಕ್ಯಕ್ಕೆ ನಿಲ್ಲುತ್ತದೆ. ಇಂಥ ಒಂದು ಮಗುವನ್ನು ನನ್ನ ಹೆಸರಿನಲ್ಲಿ ಬರಮಾಡಿಕೊಂಡರೆ ನನ್ನನ್ನೇ ಬರಮಾಡಿಕೊಂಡ ಹಾಗೆ ಎಂಬುದು ಆ ವಾಕ್ಯ. ಮುಂದಿನದು ಗಡಸು. ಈ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಅವನಿಗೆ ಒಳ್ಳೆಯದು. ನಮ್ಮಜ್ಜಿ ಜೋಳ ಬೀಸುತ್ತಿದ್ದ ಕಲ್ಲಿನಂಥದ್ದಲ್ಲ. ಗ್ರೀಕಿನಲ್ಲಿ ಅದು ಕತ್ತೆ ಕಟ್ಟಿ ತಿರುಗಿಸುವ ದೊಡ್ಡ ಕಲ್ಲು. ಮಕ್ಕಳಂತೆ ಆಗಿ ಎಂಬ ಮಾತನ್ನು ಮಕ್ಕಳನ್ನು ಕಾಯುವ ಮಾತಿನಿಂದ ಬಿಡಿಸಿ ಓದಬಾರದು. ನನ್ನ ಪಾಠದಲ್ಲೂ ಇದನ್ನು ಬಿಟ್ಟಿದ್ದೆ, ಈಗ ಬಿಡುವುದಿಲ್ಲ.

ಅದಾದ ಮೇಲೆ ಬರುವುದು ಕುರಿಯ ಕತೆ. ಇಷ್ಟು ಹೇಳುವಾಗ ಬಸ್ಸು ಅಣ್ಣಿಗೇರಿ ದಾಟಿತ್ತು. ಕಟಾವಾದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಸಂಜೆಯಾಗಿತ್ತು. ಕಂಬಳಿ ಹೊದ್ದ ಒಬ್ಬರು ಕೋಲು ಹಿಡಿದು ಒಂದೊಂದನ್ನೇ ಬಲೆಯೊಳಗೆ ಬಿಡುತ್ತಿದ್ದರು. ‘ಎಣಸಾಕ ಹತ್ತ್ಯಾರ’ ಅಂದಳು ಗೆಳತಿ. ಅವಳ ತವರಿನಲ್ಲೂ ಕುರಿ ಇವೆ.

ಯೇಸುವಿನ ಕತೆಯಲ್ಲಿ ನೂರು ಕುರಿಗಳಿವೆ. ಎಣಿಸಿದರೆ ತೊಂಬತ್ತೊಂಬತ್ತು. ಕುರುಬ ಅವನ್ನು ಬೆಟ್ಟದ ಮೇಲೆ ಬಿಟ್ಟು, ಸಿಗದ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಈ ಚಿಕ್ಕವರಲ್ಲಿ ಒಬ್ಬನಾದರೂ ಕಳೆದುಹೋಗುವುದು ಪರಲೋಕದ ತಂದೆಗೆ ಇಷ್ಟವಿಲ್ಲ ಎಂದು ಯೇಸು ಆ ಕತೆಯನ್ನು ಮುಗಿಸುತ್ತಾನೆ.

‘ಮತ್ತ ಲೆಕ್ಕಕ್ಕ ಇಲ್ಲ ಅಂದಿ?’ ಎಂದು ಕೇಳಿದಳು.

ಅಲ್ಲಿದ್ದವರ ಲೆಕ್ಕಕ್ಕೆ ಇರಲಿಲ್ಲ, ಅಂದೆ. ಮುಂದಿನ ಸೀಟಿನ ಮಗುವಿಗೆ ಅಷ್ಟೊತ್ತಿಗೆ ನಿದ್ದೆ ಹತ್ತಿತ್ತು.